ಟೊಂಗಿ ಹಚ್ಚೂದು

ಕಾಸಿಮಸಾಬನಿಗೆ ಹೆಂಡತಿಯ ಮೇಲೆ ಇದ್ದದ್ದು ಒಂದೇ ಒಂದು ಸಿಟ್ಟು. ನಲವತ್ತು ವರ್ಷ ಬಾಳಿದ ಗಂಡನಿಗಿಂತ ಆಕೆ ಡೋಣಿ ಹೊಳೆಯ ದಂಡೆಯ ಒಂದು ಕಂಟಿಯನ್ನೇ ಹೆಚ್ಚು ಹಚ್ಚಿಕೊಂಡಿದ್ದಳು. ಈ ದೂರನ್ನು ಅವನು ಮನೆಯಲ್ಲಿ ಹೇಳುತ್ತಿರಲಿಲ್ಲ, ಹೇಳಿದರೆ ಬೀಬಿಜಾನ ಅವನ ಮೇಲೇ ತಿರುಗಿ ಬೀಳುತ್ತಿದ್ದಳು. ಊರ ಮೇಲೆ ಹೇಳುತ್ತಿದ್ದ. ಗಾದಿ ಹಾಕುವುದು ಅವನ ಕಸಬು. ಬಿಜ್ಜರಗಿ, ಕನಮಡಿ, ತಿಕೋಟಾ ಎಂದು ಟಿವಿಎಸ್ ಗಾಡಿಯ ಮೇಲೆ ತಿರುಗುವುದು, ಯಾರದೋ ಅಂಗಳದಲ್ಲಿ ಕೂತು ಅರಳೆ ಹಿಂಜುವುದು, ಹಿಂಜುತ್ತ ಆ ಮನೆಯ ಹೆಂಗಸರ ಮುಂದೆ ತನ್ನ ಗೋಳು ತೋಡಿಕೊಳ್ಳುವುದು.

"ನನ್ನ ಅಂಗಿ ಗುಂಡಿ ಹರದು ತಿಂಗಳಾತ್ರಿ. ಆಕಿಗೆ ಅದರ ಖಬರಿಲ್ಲ. ಆ ಕಂಟಿಗೆ ಬೇಲಿ ಕಟ್ಟಾಕ ಹೋಗಿ ಕುಂದರತಾಳ."

"ಸೂಜಿ ನಿನ್ನ ಕೈಯಾಗ ಐತಲ್ಲೋ ಕಾಸಿಮಣ್ಣ. ನೀನ ಹಚ್ಕೋ" ಎಂದು ಹೆಂಗಸರು ನಗುತ್ತಿದ್ದರು. ಅವನೂ ನಗುತ್ತಿದ್ದ. ಗುಂಡಿ ಮಾತ್ರ ಹರಿದೇ ಇರುತ್ತಿತ್ತು. ಅದನ್ನು ಆಕೆಯೇ ಹಚ್ಚಬೇಕೆಂಬುದು ಅವನ ಹಟ.

ಆ ಕಂಟಿಗೆ ಊರಿನವರು ನೀರಕಂಟಿ ಎನ್ನುತ್ತಿದ್ದರು. ಎದೆಮಟ್ಟ ಬೆಳೆಯುವ ಗಿಡ. ಕಣಗಿಲೆಯಂಥ ಸಣ್ಣ ಉದ್ದ ಎಲೆ. ಬೇರು ಹೊಳೆಯೊಳಗಿನ ಕಲ್ಲುಗಳನ್ನು ಅಪ್ಪಿಕೊಂಡು ಕೂತಿರುತ್ತದೆ. ಮಳೆಗಾಲದಲ್ಲಿ ಡೋಣಿ ಉಕ್ಕಿ ಬಂದರೆ ನೀರಿನಡಿ ಪೂರ್ತಿ ಮಲಗಿಬಿಡುತ್ತದೆ, ನೀರಿಳಿದ ಮೇಲೆ ಏನೂ ಆಗಿಲ್ಲವೆಂಬಂತೆ ಎದ್ದು ನಿಲ್ಲುತ್ತದೆ. ಡೋಣಿಯ ಸವಳು ನೀರು ಬೇರೆ ಗಿಡಗಳಿಗೆ ಆಗಿಬರುವುದಿಲ್ಲ, ಇದಕ್ಕೆ ಅದೇ ಅಮೃತ. ಕಾಸಿಮಸಾಬನ ಅಪ್ಪನ ಕಾಲಕ್ಕೆ ಮೇಲಿನ ಊರುಗಳಿಂದ ಹಿಡಿದು ಕೆಳಗೆ ಬಬಲೇಶ್ವರದ ಸೀಮೆಯವರೆಗೆ ಎರಡೂ ದಂಡೆಗೆ ಇದೇ ಇತ್ತಂತೆ. ಆಮೇಲೆ ಉಸುಕು ಹೋಯಿತು, ಕಲ್ಲು ಹೋದವು, ಜಾಲಿಕಂಟಿ ಬಂದು ದಂಡೆಯನ್ನೆಲ್ಲ ನುಂಗಿತು. ಈಗ ಆ ಊರಿನ ದಂಡೆಗೆ ಉಳಿದದ್ದು ಕಾಸಿಮಸಾಬನ ತುಂಡು ಹೊಲದ ಕೆಳಗಿನ ಒಂದೇ ಒಂದು ಕಂಟಿ.

ಅದು ಎಂಥ ಗಿಡವೆಂದು ಗೊತ್ತಾದದ್ದು ಆರು ವರ್ಷದ ಹಿಂದೆ, ಆಮ್ರಪಾಲಿ ಬಂದ ಮೇಲೆ. ವಿಜಯಪುರದ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು, ಇಬ್ರಾಹಿಂಪುರದಲ್ಲಿ ರೈಲು ಹಳಿಯ ಹತ್ತಿರ ಮನೆ. ರಜೆ ಬಂದರೆ ಸ್ಕೂಟಿ ಹತ್ತಿ ಡೋಣಿಯ ದಂಡೆ ಹಿಡಿದು ಈ ಗಿಡ ಹುಡುಕುವುದು ಅವಳ ಹುಚ್ಚು. ಬೀಬಿಜಾನ ಅಲ್ಲೇ ಆಡಿಗೆ ಹುಲ್ಲು ಕೊಯ್ಯುತ್ತಿದ್ದಳು. ಈ ಹುಡುಗಿ ಕಂಟಿಯ ಮುಂದೆ ಮೊಣಕಾಲೂರಿ ಕೂತು ಭೂತಗನ್ನಡಿ ಹಿಡಿದು ನೋಡುವುದನ್ನು ಕಂಡು, ಏನೋ ಕಳಕೊಂಡಿದ್ದಾಳೆ ಎಂದುಕೊಂಡು ತಾನೂ ಹುಡುಕಲು ಕೂತಳು.

"ಇದು ಹೆಣ್ಣರಿ ಕಾಕಿ" ಎಂದಳು ಆಮ್ರಪಾಲಿ. "ಈ ಜಾತ್ಯಾಗ ಗಂಡು ಗಿಡಾನ ಬ್ಯಾರೆ, ಹೆಣ್ಣು ಗಿಡಾನ ಬ್ಯಾರೆ. ಬಬಲೇಶ್ವರದ ಕಡೆ ಡೋಣ್ಯಾಗ ಮೂರು ಗಿಡಾ ಸಿಕ್ಕಾವ. ಮೂರೂ ಗಂಡ. ಹೆಣ್ಣು ಎಲ್ಲೂ ಸಿಕ್ಕಿಲ್ಲ. ಇದೊಂದ ಈಗ."

"ಯಪ್ಪಾ, ವರ ಅಲ್ಲಿ, ಕನ್ಯಾ ಇಲ್ಲಿ!" ಎಂದಳು ಬೀಬಿಜಾನ. "ಹಂಗಾರ ನೀವು ಗಂಡಿನ ಕಡ್ಯಾವ್ರು. ಬರ್ರಿ ಬೀಗತಿ, ಚಾ ಕುಡೀರಿ."

ಅಂದಿನಿಂದ ಆಮ್ರಪಾಲಿ ಆ ಮನೆಗೆ ಬೀಗತಿಯಾದಳು. ಪ್ರತಿ ವರ್ಷ ಹೂವಿನ ಹೊತ್ತಿಗೆ ಬಬಲೇಶ್ವರದ ಗಂಡುಗಿಡದ ಹೂಗಳನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಂಡು ಅವಳು ಬರುವುದು, ಇಬ್ಬರೂ ಹೊಳೆಗಿಳಿದು ಆ ಹೂಗಳ ಪುಡಿಯನ್ನು ಹೆಣ್ಣುಗಿಡದ ಮೇಲೆ ಉದುರಿಸುವುದು. ಬೀಬಿಜಾನ ಆ ದಿನ ಹೊಸ ಸೀರೆ ಉಡುತ್ತಿದ್ದಳು, ಶಾವಿಗೆ ಮಾಡುತ್ತಿದ್ದಳು. "ದೊಡ್ಡಾಕಿ ಶಾಹೀನನ್ನ ಸೊಲ್ಲಾಪುರಕ ಕೊಟ್ಟೆ, ಈ ಸಣ್ಣಾಕೀನ ಬಬಲೇಶ್ವರಕ. ಇನ್ನ ನನ್ನ ಜವಾಬ್ದಾರಿ ತೀರಿತು" ಎನ್ನುತ್ತಿದ್ದಳು. "ಒಮ್ಮೆರ ಅಳಿಯನ್ನ ನೋಡಾಕ ಹೋಗೂಣು ಬರ್ರಿ" ಎಂದು ಗಂಡನನ್ನು ಕರೆಯುತ್ತಿದ್ದಳು. "ಗಿಡಾ ನೋಡಾಕ ಯಾರರ ಊರ ದಾಟಿ ಹೋಗತಾರೇನಲೇ" ಎಂದು ಕಾಸಿಮಸಾಬ ಗಾಡಿ ಒದ್ದು ಹೊರಟುಬಿಡುತ್ತಿದ್ದ.

ಇದೆಲ್ಲ ನಗೆಯ ಮಾತಾಯಿತು. ನಗಲಾರದ ಮಾತೂ ಒಂದಿತ್ತು. ಆ ಊರಿನ ಮುಸಲ್ಮಾನರಲ್ಲಿ ಹೆಂಗಸು ತೀರಿದರೆ ಕಬರಿನ ಮಣ್ಣಿನಲ್ಲಿ ನೀರಕಂಟಿಯ ಟೊಂಗೆಗಳನ್ನು ಊರುತ್ತಿದ್ದರು. ಅದಕ್ಕೆ 'ಟೊಂಗಿ ಹಚ್ಚೂದು' ಎಂದೇ ಹೆಸರು. ಕಡಿದ ಮೇಲೂ ನಾಲ್ಕಾರು ದಿನ ಹಸಿರು ಹಿಡಿದಿರುವ ಗಿಡ ಅದು. ಆ ಹಸಿರಿರುವತನಕ ಒಳಗಿದ್ದವಳಿಗೆ ತಂಪು ಎಂದು ನಂಬಿಕೆ. ಗಿಡ ಸಾಕಷ್ಟಿದ್ದಾಗ ಯಾರಿಗೂ ತೊಂದರೆ ಇರಲಿಲ್ಲ. ಒಂದೇ ಉಳಿದ ಮೇಲೆ ಬೀಬಿಜಾನ ಅಡ್ಡ ನಿಂತಳು. ಊರವರು ಬೈದರು, ಕಡೆಗೆ ಬೇವಿನ ಟೊಂಗೆ ಹಚ್ಚಿ ಸುಮ್ಮನಾದರು. ಎರಡು ವರ್ಷದ ಹಿಂದೆ ಆಕೆಯ ಸ್ವಂತ ತಾಯಿಯೇ ತೀರಿಕೊಂಡಳು. ತಂಗಿ ನೂರಜಹಾನ ಕುಡಗೋಲು ಹಿಡಿದು ಹೊಳೆಗೆ ಬಂದರೆ, ಅಳುತ್ತಿದ್ದ ಬೀಬಿಜಾನ ಅಳುತ್ತಲೇ ಗಿಡದ ಮುಂದೆ ಕೈ ಅಗಲಿಸಿ ನಿಂತುಬಿಟ್ಟಳು.

"ಹಡದಾಕಿಗಿಂತ ನಿನಗ ಕಂಟಿ ಹೆಚ್ಚಾತಲ್ಲ ಬೇ" ಎಂದಳು ನೂರಜಹಾನ. ಅದೇ ಕಡೆಯ ಮಾತು, ಆಮೇಲೆ ಅಕ್ಕತಂಗಿಯರು ಮಾತಾಡಲಿಲ್ಲ. ಕಾಸಿಮಸಾಬನಿಗೂ ಅಂದು ಹೆಂಡತಿ ಕಲ್ಲು ಮನಸಿನವಳು ಎನ್ನಿಸಿತ್ತು. ಅಷ್ಟಾದರೂ ಆಕೆ ಎಷ್ಟೋ ದಿನ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ್ದನ್ನು ಕಂಡವನೂ ಅವನೊಬ್ಬನೇ.

ಈ ವರ್ಷ ಗಿಡ ಕಾಯಿ ಕಚ್ಚಿತು. ಆರು ವರ್ಷದಲ್ಲಿ ಇದೇ ಮೊದಲು. ಮೆಣಸಿನ ಕಾಳಿನಷ್ಟು ಸಣ್ಣ ಹಸಿರು ಕಾಯಿಗಳು. ಬಲಿಯಲು ಇನ್ನು ಹದಿನೈದು ದಿನ ಬೇಕೆಂದು ಆಮ್ರಪಾಲಿ ಲೆಕ್ಕ ಹಾಕಿದ್ದಳು. ಬೀಬಿಜಾನ ಮಾತ್ರ ಊರೆಲ್ಲ ತಿರುಗಿ ಮಗಳು ಬಸುರಿ ಎಂಬಷ್ಟು ಸಂಭ್ರಮದಿಂದ ಹೇಳಿದ್ದಳು.

ಅದೇ ವಾರ ಡೋಣಿಯ ಹೂಳೆತ್ತುವ ಯಂತ್ರ ಶನಿವಾರ ಅವರ ದಂಡೆಗೆ ಬರುತ್ತದೆಂದು ಸುದ್ದಿ ಬಂತು. ಇದರಲ್ಲಿ ಯಾರನ್ನೂ ಬೈಯುವಂತಿರಲಿಲ್ಲ. ಹೂಳು ತುಂಬಿದ ಹೊಳೆ ಪ್ರತಿ ಮಳೆಗೆ ಹೊಲಕ್ಕೆ ನುಗ್ಗುತ್ತಿತ್ತು, ಹೂಳೆತ್ತಿರೆಂದು ರೈತರು ಅರ್ಜಿ ಕೊಟ್ಟು ಕೊಟ್ಟು ಮುದುಕರಾಗಿದ್ದರು. ಅರ್ಜಿಗೆ ಕಾಸಿಮಸಾಬನೂ ಹೆಬ್ಬೆಟ್ಟು ಒತ್ತಿದ್ದ. ಆಮ್ರಪಾಲಿ ಕಚೇರಿ ಕಚೇರಿ ಓಡಾಡಿ, ಹಸಿರು ಕಂಟಿಯೊಂದನ್ನು ಬಿಟ್ಟು ಉಳಿದದ್ದು ತೆಗೆಯಿರಿ ಎಂದು ಹೇಳಿಸಿದಳು. ನೋಡೋಣ ಎಂದರು. ನೋಡೋಣ ಎಂಬ ಮಾತನ್ನು ನಂಬಿ ಕೂರುವ ಹೆಂಗಸರಲ್ಲ ಅವರಿಬ್ಬರೂ.

ಗುರುವಾರ ಇಳಿಹೊತ್ತಿಗೆ ಕಾಸಿಮಸಾಬ ಮನೆಗೆ ಬಂದರೆ ಬೀಬಿಜಾನ ಇರಲಿಲ್ಲ. ನೆರೆಮನೆಯ ಹಸನಸಾಬ ಹೊಳೆಯಿಂದ ಕೂಗುತ್ತ ಓಡಿ ಬಂದ. ಗಿಡದ ಬುಡದಲ್ಲಿ ಆಕೆ ಮಗ್ಗುಲಾಗಿ ಬಿದ್ದಿದ್ದಳು. ಲಕ್ವ ಹೊಡೆದು ಬಾಯಿ ಒಂದು ಕಡೆ ಎಳೆದಿತ್ತು. ಕೈಯಲ್ಲಿ ಕುಡಗೋಲಿತ್ತು. ಹುಲ್ಲಿಗೆ ಬಂದಿದ್ದಾಳೆ ಎಂದುಕೊಂಡ ಕಾಸಿಮಸಾಬ. ಹುಲ್ಲು ಆ ದಂಡೆಯಲ್ಲಿ ತಿಂಗಳ ಹಿಂದೆಯೇ ಒಣಗಿತ್ತು ಎಂಬುದು ಅವನ ತಲೆಗೆ ಹೊಳೆಯಲಿಲ್ಲ.

ವಿಜಯಪುರದ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿ, ತಿಕೋಟಾ ದಾಟಿದ ಮೇಲೆ, ಆಕೆ ಅವನ ಅಂಗಿ ಹಿಡಿದು ಎಳೆದಳು. ಹರಿದ ಗುಂಡಿಯ ಜಾಗದಲ್ಲೇ ಹಿಡಿದಿದ್ದಳು. ಮಾತು ತೊದಲುತ್ತಿತ್ತು, ಆದರೂ ತಿಳಿಯುವಂತಿತ್ತು.

"ಟೊಂಗಿ ಹಚ್ಚರಿ" ಎಂದಳು. "ಲಗೂ ಹಚ್ಚರಿ."

"ಹಂಗ್ಯಾಕ ಅಂತಿ, ಏನೂ ಆಗೂದಿಲ್ಲ ನಿನಗ."

"ಹಚ್ಚತೇನಿ ಅನ್ರಿ."

"ಹಚ್ಚತೇನಿ" ಎಂದ. ಆಕೆಯ ಕೈ ಸಡಿಲವಾಯಿತು. ಶುಕ್ರವಾರ ನಸುಕಿನಲ್ಲಿ ಬೀಬಿಜಾನ ಹೋದಳು.

ಊರಿಗೆಲ್ಲ ಬೇಡವೆಂದವಳು, ತಾಯಿಗೂ ಕೊಡದವಳು, ಕಡೆಗಾಲಕ್ಕೆ ತನಗೆ ಬೇಕೆಂದು ಬೇಡಿದಳಲ್ಲ ಎಂದು ಕಾಸಿಮಸಾಬನ ಕರುಳು ಕಿತ್ತುಬಂತು. ಒಳಗೆ ಎಷ್ಟು ಆಸೆ ಇತ್ತೋ, ಎಷ್ಟು ನುಂಗಿಕೊಂಡಿದ್ದಳೋ. ಸೊಲ್ಲಾಪುರದಿಂದ ಮಗಳು ಬಂದಳು. ನೂರಜಹಾನ ಎರಡು ವರ್ಷದ ಮಾತು ಮರೆತು ಬಂದು ಅಕ್ಕನ ಕಾಲ ಮೇಲೆ ಬಿದ್ದು ಅತ್ತಳು. ಒಳಗೆ ಹೆಂಗಸರು ಮೈ ತೊಳೆಯುತ್ತಿರುವಾಗ ಕಾಸಿಮಸಾಬ ಅದೇ ಕುಡಗೋಲು ತೆಗೆದುಕೊಂಡು ಹಸನಸಾಬನ ಜೊತೆ ಹೊಳೆಗಿಳಿದ.

ನಾಲ್ಕು ಟೊಂಗೆ ಕಡಿದಾಗ ಹಸನಸಾಬ ಅಂದ, "ಸಾಕಲ್ಲೋ ಕಾಸಿಮ್ಯಾ."

"ಯಾವಾಗ ಸಾಕು?" ಎಂದ ಕಾಸಿಮಸಾಬ. "ಜೀವಮಾನ ಇದರ ಚಾಕರಿ ಮಾಡ್ಯಾಳ. ನಾಳೆ ಮಷಿನ್ ಬಂದು ತಿನ್ನೂದಕ್ಕಿಂತ ಆಕಿ ಮ್ಯಾಲ ಇರಲಿ."

ಒಂದೂ ಬಿಡದೆ ಕಡಿದ. ಕಾಯಿ ಕಚ್ಚಿದ ಟೊಂಗೆಗಳನ್ನು ಉದುರದಂತೆ ಎರಡೂ ಕೈಯಲ್ಲಿ ಎತ್ತಿ ಹೆಗಲಿಗಿಟ್ಟುಕೊಂಡ. ಜುಮ್ಮಾ ನಮಾಜು ಮುಗಿದ ಮೇಲೆ ಮಣ್ಣು ಕೊಟ್ಟರು. ಕಬರಿನ ತಲೆಯಿಂದ ಕಾಲಿನವರೆಗೆ ಟೊಂಗೆ ಹಚ್ಚಿದರು. ಅಂಥ ಹಸಿರು ಕಬರನ್ನು ಆ ಊರಲ್ಲಿ ಯಾರೂ ಕಂಡಿರಲಿಲ್ಲ. ಮಾತು ನಡೆಸಿಕೊಟ್ಟೆನಲ್ಲ ಎಂದು ಅಷ್ಟು ದುಃಖದಲ್ಲೂ ಅವನಿಗೆ ಸಮಾಧಾನವಾಯಿತು.

ಶನಿವಾರ ಹೊಳೆಯ ಕಡೆಯಿಂದ ದಿನವಿಡೀ ಯಂತ್ರದ ಸದ್ದು ಕೇಳಿಸಿತು. ಅವನು ಎದ್ದು ಹೋಗಲಿಲ್ಲ.

ಭಾನುವಾರ ಮೂರನೆಯ ದಿನದ ಜಿಯಾರತ. ಕಬರಸ್ತಾನದಲ್ಲಿ ಎಲ್ಲರೂ ಹೂ ಹಾಕಿ ಹಿಂದಿರುಗುವಾಗ ಆಮ್ರಪಾಲಿಯ ಸ್ಕೂಟಿ ಬಂತು. ಅವಳಿಗೆ ಯಾರೂ ತಿಳಿಸಿರಲಿಲ್ಲ. ಕಾಲೇಜಿನ ಪರೀಕ್ಷೆ ಮುಗಿಸಿ ಕಾಸಿಮಸಾಬನ ಮನೆಗೇ ಬಂದಿದ್ದಳು, ಅಲ್ಲಿ ಯಾರೋ ಹೇಳಿದರಂತೆ. ಸ್ಕೂಟಿಯ ಕಾಲಿಡುವ ಜಾಗದ ತುಂಬ ಸಸಿ ಬೆಳೆಸುವ ಸಣ್ಣ ಸಣ್ಣ ಕರಿ ಪ್ಲಾಸ್ಟಿಕ್ ಚೀಲಗಳು. ಗೋಡೆ ಹಿಡಿದು ನಿಂತು ಬಹಳ ಹೊತ್ತು ಅತ್ತಳು. ಆಮೇಲೆ ಕಣ್ಣೊರಸಿ ಕಬರಿನ ಕಡೆ ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖ ಬೇರೆಯಾಯಿತು.

"ಕಾಕಾ, ಈ ಟೊಂಗಿ..."

"ಆಕಿ ಕಡೀ ಮಾತು ಅದ ಇತ್ತ್ರಿ" ಎಂದ ಕಾಸಿಮಸಾಬ. "ಟೊಂಗಿ ಹಚ್ಚರಿ, ಲಗೂ ಹಚ್ಚರಿ ಅಂದ್ಳು. ನಾ ಏನೂ ಉಳಿಸಲಿಲ್ಲ. ಎಲ್ಲಾ ಆಕಿಗೇ ಹಚ್ಚೇನಿ."

ಅವನು ಸುಮ್ಮನಿದ್ದಿದ್ದರೆ ಇದು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಗಾದಿ ಹಾಕುವವನ ಕೈ ಸುಮ್ಮನಿರುವುದಿಲ್ಲ, ಎದುರಿಗೆ ಚೀಲ ಕಂಡರೆ ಒಳಗೇನು ತುಂಬಿದ್ದಾರೆಂದು ಒತ್ತಿ ನೋಡುತ್ತದೆ. ಕಾಸಿಮಸಾಬ ಒಂದು ಕರಿ ಚೀಲ ಎತ್ತಿಕೊಂಡು ಒತ್ತಿದ. ಹಸಿ ಉಸುಕು.

"ಇದರಾಗ ಏನ್ ಹಾಕತೀರಿ?"

ಅವಳು ಚೀಲವನ್ನು ಅವನ ಕೈಯಿಂದ ಇಸಿದುಕೊಳ್ಳಲು ಕೈ ಚಾಚಿದಳು.

"ಹೇಳ್ರಿ ಬೀಗತಿ."

"ಗುರುವಾರ ಮಧ್ಯಾಹ್ನ ಕಾಕಿ ಫೋನ್ ಹಚ್ಚಿದ್ರು. ಮಷಿನ್ ಮಾತು ನಂಬಾಕ ಆಗೂದಿಲ್ಲ, ಏನ್ ಮಾಡ್ಲಿ ಅಂದ್ರು. ಅರ್ಧಾ ಟೊಂಗಿ ಕಡದು ಹಸಿ ಉಸುಕಿನ್ಯಾಗ ಹಚ್ಚರಿ, ಬೇರು ಬಿಡತಾವ, ಲಗೂ ಹಚ್ಚರಿ ಅಂತ ನಾನ ಹೇಳಿದ್ದೆ, ಕಾಕಾ. ಚೀಲ ನಾ ತರತೇನಿ ಅಂದಿದ್ದೆ."

ನಮ್ಮ ಸೀಮೆಯಲ್ಲಿ ಈ ಒಂದು ಮಾತಿಗೆ ಎಷ್ಟು ಕೆಲಸ. ದೀಪವನ್ನೂ ಹಚ್ಚುತ್ತಾರೆ, ಗುಂಡಿಯನ್ನೂ ಹಚ್ಚುತ್ತಾರೆ, ಫೋನನ್ನೂ ಹಚ್ಚುತ್ತಾರೆ. ಸಸಿ ನೆಡುವುದಕ್ಕೂ ಹಚ್ಚುವುದೆಂದೇ ಅನ್ನುತ್ತಾರೆ. ಆ ಊರಿನವರು ಕಬರಿಗೂ ಹಚ್ಚುತ್ತಾರೆ. ಸಾಯುವ ಹೆಂಡತಿ ಯಾವುದನ್ನು ಹೇಳಿದಳೆಂದು ಒಬ್ಬ ಗಂಡ ಹೇಗೆ ತಿಳಿಯಬೇಕು? ನಲವತ್ತು ವರ್ಷ ಬಾಳಿದವನಿಗೆ ತಿಳಿಯಬೇಕಿತ್ತು ಎಂದು ಕಾಸಿಮಸಾಬನಿಗೆ ಅನ್ನಿಸಿತು, ಆಮೇಲೆ ಬದುಕಿನುದ್ದಕ್ಕೂ ಅದೇ ಅನ್ನಿಸುತ್ತ ಹೋಯಿತು. ತನಗಾಗಿ ಏನನ್ನೂ ಬೇಡದವಳು ಆಕೆ. ಕಡೆಗಾದರೂ ತನಗಾಗಿ ಬೇಡಿದಳೆಂದು ನಂಬಿದ್ದೇ ಅವನ ತಪ್ಪು.

"ಬುಡ ಐತಲ್ಲ ಕಾಕಾ" ಎಂದಳು ಆಮ್ರಪಾಲಿ, ಅವನ ಮುಖ ನೋಡಲಾರದೆ. "ಬುಡ ಇದ್ರ ಮತ್ತ ಚಿಗರತೈತಿ. ನಡೀರಿ."

ಇಬ್ಬರೂ ಹೊಳೆಗೆ ಓಡಿದರು. ಹಳದಿ ಯಂತ್ರ ನೆರಳಿಗೆ ನಿಂತಿತ್ತು. ಅದರ ಚಾಲಕ ಶಿವಾಜಿ ರೊಟ್ಟಿ ತಿನ್ನುತ್ತಿದ್ದ. ಸಂಭಾವಿತ ಮನುಷ್ಯ, ಹಿರಿಯರನ್ನು ಕಂಡು ಎದ್ದು ನಿಂತ.

"ಇಲ್ಲೊಂದು ಹಸಿರು ಕಂಟಿ ಐತಿ, ಅದನ್ನ ಬಿಟ್ಟು ಹೋಗು ಅಂತ ನನಗ ಸಾಹೇಬ್ರು ಹೇಳಿದ್ರು. ಗಾಡಿ ನಿಂದರಿಸಿ ಇಳದು ಹುಡಿಕೇನಿ ನೋಡ್ರಿ. ಎಲ್ಲೂ ಹಸಿರು ಕಾಣಲಿಲ್ಲ. ಬರೇ ಕೊರಡು ಇದ್ದೂ. ಎಬ್ಬಿಸಿ ಒಗದೆ."

ಹೂಳಿನ ರಾಶಿಯನ್ನು ಕೈಯಿಂದ ಬಗೆದು ಬಗೆದು ಹುಡುಕಿದರು. ಶಿವಾಜಿಯೂ ಊಟ ಬಿಟ್ಟು ಬಂದು ಬಗೆದ. ಬೇರು ಸಿಕ್ಕಿತು. ಒಂದು ಕಲ್ಲನ್ನು ಇನ್ನೂ ಅಪ್ಪಿಕೊಂಡಿತ್ತು. ನಿನ್ನೆ ಇವತ್ತಿನ ಬಿಸಿಲಿಗೆ ಕಟ್ಟಿಗೆಯಾಗಿತ್ತು.

ಕಾಸಿಮಸಾಬ ಕಬರಸ್ತಾನಕ್ಕೆ ವಾಪಸು ಬಂದು, ಹೆಂಡತಿಯ ಕಬರಿನ ಮೇಲಿನ ಟೊಂಗೆಗಳನ್ನು ಒಂದೊಂದಾಗಿ ಕೀಳತೊಡಗಿದ. ಬಾಗಿಲ ಹತ್ತಿರ ನಿಂತಿದ್ದ ನೂರಜಹಾನ ಚೀರಿದಳು.

"ಏನ್ ಮಾಡಾಕತ್ತೀರಿ ಭಾವಾ! ಕಬರಿನ ಮ್ಯಾಲಿಂದು ಯಾರರ ಕೀಳತಾರೇನು?"

"ಆಕಿ ಹೇಳಿದ್ದು ಇದಲ್ಲವಾ" ಎಂದ. "ನಿಮ್ಮವ್ವಗ ಕೊಡದಾಕಿ ತನಗ ಬೇಡತಿದ್ದಳೇನು? ನಾ ಹುಂಬ. ನಾ ಹುಂಬ ಅದೇನವಾ."

ಆಮ್ರಪಾಲಿ ಎಲ್ಲವನ್ನೂ ತಿಳಿಸಿ ಹೇಳಿದಳು. ನೂರಜಹಾನ ಸೆರಗು ಬಾಯಿಗಿಟ್ಟುಕೊಂಡು ಕೇಳಿದಳು. ತಾಯಿಗೆ ಅಕ್ಕ ಯಾಕೆ ಟೊಂಗೆ ಹಚ್ಚಗೊಡಲಿಲ್ಲ ಎಂಬುದು ಅವಳಿಗೆ ಆಗ ತಿಳಿಯಿತೋ ಏನೋ. ಒಳಗೆ ಬಂದು ಭಾವನ ಎದುರಿಗೆ ಕೂತು, ಕರಿ ಚೀಲಗಳ ಬಾಯಿ ಬಿಡಿಸಿ ಹಿಡಿದಳು. ಒಣಗಿದ ತುದಿ ಕತ್ತರಿಸಿ, ಅರವತ್ತೆರಡು ಚೀಲಗಳಲ್ಲಿ ಅರವತ್ತೆರಡು ಟೊಂಗೆ ಹಚ್ಚಿದರು. ಕಾಯಿಗಳು ಅಷ್ಟರಲ್ಲೇ ಸುಕ್ಕಾಗಿ, ಮುಟ್ಟಿದರೆ ಉದುರುತ್ತಿದ್ದವು.

ಕಾಸಿಮಸಾಬ ಕಸಬು ಬಿಟ್ಟ. ಮನೆಯ ಪಡಸಾಲೆಯಲ್ಲಿ ಚೀಲಗಳನ್ನು ಸಾಲಾಗಿಟ್ಟು, ಹೊಳೆಯ ಮಡುವಿನಿಂದ ಸವಳು ನೀರು ಹೊತ್ತು ತಂದು ಹೊತ್ತು ಹೊತ್ತಿಗೆ ಹಾಕಿದ. ಬಿಸಿಲು ತಾಗದಂತೆ ಗಾದಿಯ ಬಟ್ಟೆ ಕಟ್ಟಿದ. ಒಂದೊಂದೇ ಕರಿದಾದವು. ಇಪ್ಪತ್ತು ದಿನಕ್ಕೆ ಉಳಿದದ್ದು ಮೂರು. ಒಂದು ಬೆಳಗ್ಗೆ ನೋಡಿದರೆ ಒಂದರಲ್ಲಿ ಎರಡೆಲೆ ಚಿಗುರಿತ್ತು. ಅವನು ಆಮ್ರಪಾಲಿಗೆ ಫೋನು ಹಚ್ಚಿ, "ಬಂದಾಳ್ರಿ, ಬಂದಾಳ" ಎಂದಷ್ಟೇ ಹೇಳಿ ಅಳತೊಡಗಿದ.

ಅವಳು ಸಂಜೆಯೊಳಗೆ ಬಂದಳು. ಉಸುಕನ್ನು ಬೆರಳಿನಿಂದ ಮೆಲ್ಲಗೆ ಸರಿಸಿ ನೋಡಿದಳು. ಬೇರಿರಲಿಲ್ಲ. ಟೊಂಗೆಯಲ್ಲಿ ಉಳಿದಿದ್ದ ಜೀವ ಎರಡೆಲೆಯಾಗಿ ಹೊರಗೆ ಬಂದಿತ್ತು, ಅಷ್ಟೆ. ಹೇಳಲೋ ಬೇಡವೋ ಎಂದು ಅವಳು ಒದ್ದಾಡುವುದನ್ನು ಕಂಡು ಅವನೇ, "ತಿಳೀತ್ರಿ" ಎಂದ. ನಾಲ್ಕನೆಯ ದಿನ ಎಲೆ ಉದುರಿದವು. ಉಳಿದೆರಡೂ ಕರಿದಾದವು.

ಮುಂಗಾರಿಗೆ ಮುಂಚೆ ಒಂದು ದಿನ ಅವನೇ ಅವಳಿಗೆ ಫೋನು ಹಚ್ಚಿದ. "ಬಬಲೇಶ್ವರಕ ಒಮ್ಮೆ ಹೋಗೂಣೇನ್ರಿ? ಹೆಣ್ಣು ತೀರಿದ್ರ ಬೀಗರಿಗೆ ಸುದ್ದಿ ಮುಟ್ಟಿಸಬೇಕು. ಇಷ್ಟು ದಿನಾ ಮುಟ್ಟಿಸಲಿಲ್ಲ ನಾನು."

ಆಮ್ರಪಾಲಿ ಸ್ಕೂಟಿಯ ಹಿಂದೆ ಕೂರಿಸಿಕೊಂಡು ಕರೆದೊಯ್ದಳು. ಬಬಲೇಶ್ವರದ ಸೀಮೆಯಲ್ಲಿ ಡೋಣಿ ತಿರುಗುವ ಕಡೆ ಕಲ್ಲುಗಳ ನಡುವೆ ಗಿಡಗಳಿದ್ದವು. ಮೂರಲ್ಲಿ ಒಂದು ಹೋದ ವರ್ಷವೇ ಹೋಗಿತ್ತಂತೆ. ಎರಡು ಚೆನ್ನಾಗಿದ್ದವು, ಅವನ ಹೆಗಲಿಗೆ ಬರುವಷ್ಟು ಎತ್ತರ, ಗಾಳಿಗೆ ತೂಗುತ್ತಿದ್ದವು. ಅವನು ಟೋಪಿ ಸರಿಮಾಡಿಕೊಂಡು ಎದುರಿಗೆ ಕೂತ. ಅವನ ಅಂಗಿಯ ಗುಂಡಿ ಇನ್ನೂ ಹರಿದೇ ಇತ್ತು.

"ಇದರ ಟೊಂಗಿ ಹಚ್ಚಿದ್ರ ಬರತೈತೇನ್ರಿ?" ಎಂದು ಕೇಳಿದ.

"ಬರತೈತಿ ಕಾಕಾ. ಆದ್ರ ಎಷ್ಟು ಹಚ್ಚಿದ್ರೂ ಗಂಡ ಬರೂದು."

"ಹೆಣ್ಣು ಎಲ್ಲೂ ಇಲ್ಲೇನು?"

"ಹುಡಕಾಕತ್ತೇನಿ. ಇನ್ನೂತನಕ ಸಿಕ್ಕಿಲ್ಲ."

ಅವನು ಒಂದು ಎಲೆಯನ್ನು ಕೀಳದೆ, ಬೆರಳುಗಳ ನಡುವೆ ಹಿಡಿದು ನೋಡಿದ.

"ಹಿಂಗ ಒಂಟಿ ಎಷ್ಟು ದಿನಾ ಇರತಾವ್ರಿ ಇವು?"

"ಯಾರೂ ಕಡೀಲಿಲ್ಲಂದ್ರ ಮೂವತ್ತು ನಲವತ್ತು ವರ್ಷ ಇದ್ದಾವು, ಕಾಕಾ."

"ಭಾಳಾತಲ್ರಿ" ಎಂದ ಕಾಸಿಮಸಾಬ.